ಬೆರಳ ತುದಿಯ ಲಾಭ, ಪಾದದ ಮೇಲಿನ ಸಾಲ: ಬ್ಯಾಸ್ಕೆಟ್‌ಬಾಲ್‌ನ ಅಸಾಧಾರಣ ಎತ್ತರದ ಆಟಗಾರರು

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಅಧ್ಯಾಪಕರು ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಹೊಸ ಆಟವೊಂದನ್ನು ರೂಪಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮಹಡಿಯ ಕಟಕಟೆಗೆ ಕಟ್ಟಿಸಿದರು. ಆ ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಮನುಷ್ಯನ ಎತ್ತರವನ್ನೋ ಜಿಗಿತವನ್ನೋ ಲೆಕ್ಕ ಹಾಕಿ ಯಾರೂ ಆ ಅಳತೆಯನ್ನು ಗೊತ್ತುಮಾಡಿರಲಿಲ್ಲ. ಕಟ್ಟಡ ಹೇಗಿತ್ತೋ ಹಾಗೆ ಆಟ ಹುಟ್ಟಿತು. ಆ ಬಳಿಕ ಆಟದ ಬಹುತೇಕ ಎಲ್ಲವೂ ಬದಲಾಗಿದೆ. ಬುಟ್ಟಿಯ ಜಾಗಕ್ಕೆ ಕಬ್ಬಿಣದ ರಿಂಗ್ ಬಂದಿದೆ, ಅಂಕಣದ ಗೆರೆಗಳು ಸರಿದಿವೆ, ಅಂಕಗಳ ಲೆಕ್ಕ ಬೇರೆಯಾಗಿದೆ, ಆದರೆ ರಿಂಗ್ ಮಾತ್ರ ಆ 10 ಅಡಿಯಲ್ಲೇ, ಅಂದರೆ 3.05 ಮೀಟರ್ ಎತ್ತರದಲ್ಲೇ ನಿಂತಿದೆ.

ಏಳು ಅಡಿಗಿಂತ ಎತ್ತರದ ಆಟಗಾರರನ್ನು ಅರ್ಥಮಾಡಿಕೊಳ್ಳಲು ಇಲ್ಲಿಂದಲೇ ಹೊರಡಬೇಕು. ಎತ್ತರ ಇದ್ದವರಿಗೆ ಈ ಆಟ ಸುಲಭ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆಂದರೆ, ಆ ಸುಲಭ ಎಲ್ಲಿದೆ, ಎಷ್ಟಿದೆ, ಅದಕ್ಕೆ ಆ ದೇಹ ತೆರುವ ಬೆಲೆಯೇನು ಎಂದು ಕೇಳಿಕೊಳ್ಳುವುದೇ ಇಲ್ಲ. ಎತ್ತರದ ಲಾಭವೆಲ್ಲ ಬೆರಳ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅದರ ಸಾಲವೆಲ್ಲ ಪಾದದ ಮೇಲೆ ಬೀಳುತ್ತದೆ ಎಂಬುದು ನನ್ನ ತಿಳಿವಳಿಕೆ. ಈ ಎರಡು ತುದಿಗಳ ನಡುವೆ ಆ ಆಟಗಾರ ಏನನ್ನು ಕಲಿತಿದ್ದಾನೆ ಎಂಬುದರ ಮೇಲೆ ಅವನ ಆಟ ನಿಂತಿರುತ್ತದೆ.

ಮೊದಲಿಗೆ ಬೆರಳ ತುದಿಯನ್ನೇ ನೋಡೋಣ. ಒಬ್ಬ ಆಟಗಾರನ ಎತ್ತರವೆಂದು ನಾವು ಓದುವ ಸಂಖ್ಯೆ ಅಂಗಾಲಿನಿಂದ ನೆತ್ತಿಯವರೆಗಿನ ಅಳತೆ. ಆದರೆ ನೆತ್ತಿಗೆ ಈ ಆಟದಲ್ಲಿ ಕೆಲಸವಿಲ್ಲ. ಕೆಲಸವಿರುವುದು ಭುಜ ಎಷ್ಟು ಮೇಲಿದೆ, ಅಲ್ಲಿಂದ ತೋಳು ಎಷ್ಟು ಉದ್ದ ಚಾಚುತ್ತದೆ ಎಂಬುದಕ್ಕೆ. ಸಾಮಾನ್ಯವಾಗಿ ಎರಡೂ ತೋಳುಗಳನ್ನು ಅಗಲಿಸಿ ನಿಂತಾಗ ಒಂದು ಬೆರಳ ತುದಿಯಿಂದ ಇನ್ನೊಂದರವರೆಗಿನ ಅಳತೆ ಹೆಚ್ಚುಕಡಿಮೆ ಆ ವ್ಯಕ್ತಿಯ ಎತ್ತರದಷ್ಟೇ ಇರುತ್ತದೆ. ಬ್ಯಾಸ್ಕೆಟ್‌ಬಾಲ್‌ನ ಮೇಲಿನ ಹಂತ ತಲುಪಿದವರಲ್ಲಿ ಬಹುತೇಕರ ತೋಳುಗಳು ಆ ಲೆಕ್ಕವನ್ನು ಮೀರಿರುತ್ತವೆ. ಈಗಿನ ದಕ್ಷಿಣ ಸುಡಾನ್‌ನ ಡಿಂಕಾ ಸಮುದಾಯದ ಮನೂಟ್ ಬೋಲ್ ಅವರ ಎತ್ತರ 7 ಅಡಿ 7 ಅಂಗುಲ. ತೋಳುಗಳ ಅಗಲ 8 ಅಡಿ 6 ಅಂಗುಲ. ಅವರು ಜಿಗಿಯದೆ, ನಿಂತಲ್ಲಿಂದಲೇ ಕೈ ಎತ್ತಿ ರಿಂಗನ್ನು ಮುಟ್ಟಬಲ್ಲವರಾಗಿದ್ದರು. ಇಬ್ಬರು ಆಟಗಾರರು ಒಂದೇ ಎತ್ತರದವರಾಗಿದ್ದೂ ಒಬ್ಬನ ಕೈ ಇನ್ನೊಬ್ಬನದಕ್ಕಿಂತ ಗೇಣುದ್ದ ಮೇಲಿರುವುದು ಇದೇ ಕಾರಣಕ್ಕೆ. ಪ್ರಕಟವಾಗುವ ಎತ್ತರಗಳನ್ನು ಪೂರ್ತಿ ನಂಬುವಂತೆಯೂ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಶೂ ಹಾಕಿಕೊಂಡೇ ಅಳೆಯುವುದು, ಅಂಗುಲವೊಂದನ್ನು ಸೇರಿಸುವುದು ಅಥವಾ ಕಳೆಯುವುದು ಬಹುಕಾಲ ನಡೆದುಬಂದಿತ್ತು; ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ 2019ರಲ್ಲಿ, ಶೂ ಬಿಚ್ಚಿ ಅಳೆದ ಎತ್ತರವನ್ನೇ ತಂಡಗಳು ಕೊಡಬೇಕೆಂದು ಕಡ್ಡಾಯ ಮಾಡಿತು.

ಚೆಂಡನ್ನು ಎಸೆಯುವಾಗ ಈ ಎತ್ತರ ಯಾವ ರೀತಿಯಲ್ಲಿ ನೆರವಾಗುತ್ತದೆ ಎಂಬುದರ ಹಿಂದೆ ಸರಳವಾದ ರೇಖಾಗಣಿತವಿದೆ. ರಿಂಗಿನ ಒಳವ್ಯಾಸ ಸುಮಾರು 45 ಸೆಂಟಿಮೀಟರ್, ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್. ನೇರವಾಗಿ ಮೇಲಿನಿಂದ ಬೀಳುವ ಚೆಂಡಿಗೆ ರಿಂಗ್ ಪೂರ್ಣ ವೃತ್ತವಾಗಿ ತೆರೆದಿರುತ್ತದೆ. ಚೆಂಡು ಓರೆಯಾಗಿ ಬಂದಷ್ಟೂ ಆ ವೃತ್ತ ಚೆಂಡಿನ ಪಾಲಿಗೆ ಚಪ್ಪಟೆಯಾಗುತ್ತಾ ಹೋಗುತ್ತದೆ. ಊಟದ ತಟ್ಟೆಯನ್ನು ಓರೆಯಾಗಿ ಹಿಡಿದು ನೋಡಿದರೆ ಅದು ಮೊಟ್ಟೆಯಾಕಾರವಾಗಿ ಕಾಣುವಂತೆ. 45 ಡಿಗ್ರಿ ಕೋನದಲ್ಲಿ ಇಳಿಯುವ ಚೆಂಡಿಗೆ ಸಿಗುವ ದಾರಿ ಸುಮಾರು 32 ಸೆಂಟಿಮೀಟರ್. 30 ಡಿಗ್ರಿಗೆ ಇಳಿದರೆ ಉಳಿಯುವುದು 23 ಸೆಂಟಿಮೀಟರ್‌ಗೂ ಕಡಿಮೆ, ಅಂದರೆ ರಿಂಗನ್ನು ತಾಕದೆ ಚೆಂಡು ಒಳಗೆ ಹೋಗಲು ಸಾಧ್ಯವೇ ಇಲ್ಲ. ಹಾಗಾಗಿ ರಿಂಗಿಗಿಂತ ಬಹಳ ಕೆಳಗಿನಿಂದ ಎಸೆಯುವವನು ಚೆಂಡನ್ನು ಕಡಿದಾಗಿ, ಹೆಚ್ಚು ಬಲ ಹಾಕಿ ಮೇಲಕ್ಕೆ ಕಳಿಸಲೇಬೇಕು. ಬಲ ಹೆಚ್ಚಿದಂತೆ ತಪ್ಪುವ ಸಂಭವವೂ ಹೆಚ್ಚುತ್ತದೆ. ರಿಂಗಿನ ಮಟ್ಟಕ್ಕೆ ಹತ್ತಿರದಿಂದ ಚೆಂಡನ್ನು ಬಿಡುವವನಿಗೆ ಅದೇ ಒಳ್ಳೆಯ ಕೋನ ಮಣಿಕಟ್ಟಿನ ಸಣ್ಣ ಚಲನೆಯಲ್ಲೇ ದಕ್ಕುತ್ತದೆ, ಎದುರಾಳಿಯ ಕೈ ಅಡ್ಡ ಬರುವ ಭಯವೂ ಕಡಿಮೆ.

ಆದರೂ ಅತಿ ಎತ್ತರದವರು ಆಟವನ್ನು ಆಳುವುದು ತಮ್ಮ ಎಸೆತದಿಂದಲ್ಲ, ಎದುರಾಳಿಯ ಎಸೆತವನ್ನು ಕೆಡಿಸುವುದರಿಂದ. ಇದಕ್ಕೆ ಮಾರ್ಕ್ ಈಟನ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 7 ಅಡಿ 4 ಅಂಗುಲ ಎತ್ತರವಿದ್ದ ಅವರು ಕಾರು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಕಾಲೇಜು ತರಬೇತುದಾರರೊಬ್ಬರ ಕಣ್ಣಿಗೆ ಬಿದ್ದು ಆಟಕ್ಕೆ ಬಂದರು. ಅಭ್ಯಾಸದಲ್ಲಿ ಚುರುಕಾದ ಕುಳ್ಳ ಆಟಗಾರರ ಹಿಂದೆ ಓಡಿ ಏದುಸಿರು ಬಿಡುತ್ತಿದ್ದ ಅವರನ್ನು ಒಂದು ದಿನ ಹಿಂದಿನ ತಲೆಮಾರಿನ ಎತ್ತರದ ಆಟಗಾರ ವಿಲ್ಟ್ ಚೇಂಬರ್ಲಿನ್ ಪಕ್ಕಕ್ಕೆ ಕರೆದರು. ಅವರನ್ನು ಬೆನ್ನಟ್ಟಿ ನೀನು ಎಂದೂ ಹಿಡಿಯಲಾರೆ, ರಿಂಗಿನ ಮುಂದೆ ನಿಂತು ಅದನ್ನು ಕಾಯುವುದೇ ನಿನ್ನ ಕೆಲಸ, ಅವರೇ ನಿನ್ನ ಬಳಿಗೆ ಬರಬೇಕು ಎಂಬ ಅರ್ಥದ ಮಾತು ಹೇಳಿದರು. ಈಟನ್ ಆ ಮಾತನ್ನೇ ತಮ್ಮ ವೃತ್ತಿಯಾಗಿ ಮಾಡಿಕೊಂಡರು. 1984-85ರ ಎನ್‌ಬಿಎ ಋತುವಿನಲ್ಲಿ ಅವರು ಮಾಡಿದ 456 ಬ್ಲಾಕ್‌ಗಳ (ಎದುರಾಳಿಯ ಎಸೆತವನ್ನು ಕೈಯಿಂದ ತಡೆಯುವುದೇ ಬ್ಲಾಕ್) ದಾಖಲೆ ಇಂದಿಗೂ ಅವರ ಹೆಸರಿನಲ್ಲಿದೆ. ಲೆಕ್ಕಕ್ಕೆ ಸಿಗುವ ಬ್ಲಾಕ್‌ಗಳಿಗಿಂತ ಲೆಕ್ಕಕ್ಕೆ ಸಿಗದ ಪರಿಣಾಮ ಇನ್ನೂ ದೊಡ್ಡದು. ರಿಂಗಿನ ಬಳಿ ಅಂಥ ಕೈಯೊಂದು ಕಾದಿದೆ ಎಂದು ಗೊತ್ತಿರುವ ಆಟಗಾರ ನುಗ್ಗುವ ಮುಂಚೆಯೇ ಒಂದು ಕ್ಷಣ ತಡೆಯುತ್ತಾನೆ, ಚೆಂಡನ್ನು ಅಗತ್ಯಕ್ಕಿಂತ ಮೇಲಕ್ಕೆ ಎಸೆಯುತ್ತಾನೆ, ಇಲ್ಲವೇ ಸುಮ್ಮನೆ ಹೊರಗಡೆಗೆ ಪಾಸ್ ಮಾಡಿಬಿಡುತ್ತಾನೆ. ಬಂದ ಎಸೆತಗಳನ್ನು ತಡೆದ ಲೆಕ್ಕ ಅಂಕಪಟ್ಟಿಯಲ್ಲಿರುತ್ತದೆ. ಬಾರದೇ ಉಳಿದ ಎಸೆತಗಳಿಗೆ ಅಲ್ಲಿ ಜಾಗವಿಲ್ಲ.

ಈ ಲಾಭ ಎಷ್ಟು ದೊಡ್ಡದೆಂಬುದಕ್ಕೆ ಆಟದ ನಿಯಮಗಳೇ ಸಾಕ್ಷಿ. ಬ್ಯಾಸ್ಕೆಟ್‌ಬಾಲ್‌ನ ನಿಯಮಗಳ ಇತಿಹಾಸದ ದೊಡ್ಡದೊಂದು ಭಾಗ ಎತ್ತರದವರನ್ನು ಹದ್ದುಬಸ್ತಿನಲ್ಲಿಡುವ ಪ್ರಯತ್ನದ ಇತಿಹಾಸವೇ ಆಗಿದೆ. 1940ರ ದಶಕದಲ್ಲಿ 6 ಅಡಿ 10 ಅಂಗುಲದ ಜಾರ್ಜ್ ಮೈಕನ್ ಮತ್ತು 7 ಅಡಿಯ ಬಾಬ್ ಕರ್ಲ್ಯಾಂಡ್ ಎಂಬ ಕಾಲೇಜು ಆಟಗಾರರು ರಿಂಗಿನ ಬಳಿ ನಿಂತು, ಒಳಗೆ ಬೀಳಲಿದ್ದ ಚೆಂಡನ್ನು ಗಾಳಿಯಲ್ಲೇ ಹೊಡೆದು ದೂರ ಮಾಡತೊಡಗಿದಾಗ, ರಿಂಗಿನತ್ತ ಇಳಿಯುತ್ತಿರುವ ಚೆಂಡನ್ನು ಮುಟ್ಟಬಾರದೆಂಬ ನಿಯಮವನ್ನು 1944ರಲ್ಲಿ ತರಲಾಯಿತು. ಗೋಲ್‌ಟೆಂಡಿಂಗ್ ಎಂಬ ಹೆಸರಿನಿಂದ ಅದು ಇಂದಿಗೂ ಜಾರಿಯಲ್ಲಿದೆ. ಮೈಕನ್ ವೃತ್ತಿಪರ ಆಟಕ್ಕೆ ಬಂದು ರಿಂಗಿನ ಮುಂದಿನ ಕಿರಿದಾದ ಪಟ್ಟಿಯ ಅಂಚಿನಲ್ಲಿ ಬೀಡುಬಿಟ್ಟರು. ಆಕ್ರಮಣ ಮಾಡುವ ತಂಡದವರು ಆ ಪಟ್ಟಿಯೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ ಎಂಬ ನಿಯಮ ಅದಾಗಲೇ ಇತ್ತು; 1951ರಲ್ಲಿ ಎನ್‌ಬಿಎ ಆ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹಿಗ್ಗಿಸಿ ಮೈಕನ್ ಅವರನ್ನು ರಿಂಗಿನಿಂದ ದೂರ ಸರಿಸಿತು. ಚೇಂಬರ್ಲಿನ್ ಬಂದ ಮೇಲೆ ಅದೂ ಸಾಲದಾಯಿತು. 7 ಅಡಿ 1 ಅಂಗುಲದ ಅವರು 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಬಾರಿಸಿದರು. 1964ರಲ್ಲಿ ಪಟ್ಟಿ 16 ಅಡಿಯಾಯಿತು.

ಮೈಕನ್ ಅವರ ಬಗ್ಗೆ ಎದುರಾಳಿಗಳಿಗೆ ಭಯ ಎಷ್ಟಿತ್ತೆಂಬುದನ್ನು 1950ರ ನವೆಂಬರ್ 22ರ ಪಂದ್ಯ ತೋರಿಸುತ್ತದೆ. ಫೋರ್ಟ್ ವೇಯ್ನ್ ತಂಡ ಅವರ ಕೈಗೆ ಚೆಂಡು ಸಿಗಲೇಬಾರದೆಂದು ತೀರ್ಮಾನಿಸಿ, ಎಸೆಯದೆ, ನುಗ್ಗದೆ, ಚೆಂಡನ್ನು ಹಿಡಿದುಕೊಂಡೇ ಹೊತ್ತು ಕಳೆಯಿತು. ಪಂದ್ಯ 19-18ರಲ್ಲಿ ಮುಗಿಯಿತು. ಸೋತ ಮಿನಿಯಾಪೊಲಿಸ್ ತಂಡದ 18 ಅಂಕಗಳಲ್ಲಿ 15 ಮೈಕನ್ ಅವರವು. ನಿಯಮದ ಒಳಗೇ ಇದ್ದ ಈ ತಂತ್ರ ಪ್ರೇಕ್ಷಕರನ್ನು ಓಡಿಸುವಂಥದ್ದಾಗಿತ್ತು. 24 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಬರುವುದಕ್ಕೆ ಇಂಥ ಪಂದ್ಯಗಳೇ ದಾರಿ ಮಾಡಿದವು. ಅದೇ ವರ್ಷ ರಿಂಗನ್ನೇ 12 ಅಡಿಗೆ ಏರಿಸಿ ಒಂದು ಪಂದ್ಯವನ್ನು ಆಡಿಸಿ ನೋಡಲಾಯಿತು. ಎತ್ತರದವರ ಲಾಭವನ್ನು ತಗ್ಗಿಸಲು ರಿಂಗನ್ನು ಎತ್ತರಿಸುವುದು ತರ್ಕಬದ್ಧವಾಗಿ ಕಾಣುತ್ತದೆ, ಆದರೆ ಲೆಕ್ಕ ತಿರುವುಮುರುವಾಗುತ್ತದೆ: ರಿಂಗ್ ಮೇಲೇರಿದಷ್ಟೂ ಎಲ್ಲರ ಎಸೆತಗಳೂ ಹೆಚ್ಚು ತಪ್ಪುತ್ತವೆ, ತಪ್ಪಿ ಹಿಂದಕ್ಕೆ ಪುಟಿಯುವ ಚೆಂಡುಗಳು ಹೆಚ್ಚುತ್ತವೆ, ಆ ಚೆಂಡುಗಳು ಮೊದಲು ಸಿಗುವುದು ಅತ್ಯಂತ ಎತ್ತರದ ಕೈಗೇ. ಪ್ರಯೋಗವನ್ನು ಅಲ್ಲಿಗೇ ಕೈಬಿಡಲಾಯಿತು.

ನಿಯಮ ಬಿಗಿಯಾದಾಗಲೆಲ್ಲ ಎತ್ತರದವರು ಹೊಸದೊಂದನ್ನು ಕಲಿತರು ಎಂಬುದು ಈ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಸಂಗತಿ. ಮೈಕನ್ ಹುಟ್ಟಾ ಆಟಗಾರರಾಗಿರಲಿಲ್ಲ. ದಪ್ಪ ಕನ್ನಡಕದ, ಕಾಲು ತೊಡರಿಸಿಕೊಳ್ಳುವ ಹುಡುಗನಾಗಿ ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದ ಅವರಿಗೆ ತರಬೇತುದಾರ ರೇ ಮೆಯರ್ ಹಗ್ಗದಾಟ ಆಡಿಸಿದರು, ಬಾಕ್ಸಿಂಗ್ ಕಲಿಸಿದರು, ನೃತ್ಯವನ್ನೂ ಮಾಡಿಸಿದರು. ಅವರು ಮಾಡಿಸಿದ ಅಭ್ಯಾಸಗಳಲ್ಲೊಂದು ಇಂದಿಗೂ ಮೈಕನ್ ಹೆಸರಿನಲ್ಲೇ ಜಗತ್ತಿನಾದ್ಯಂತ ನಡೆಯುತ್ತಿದೆ. ಆಟಗಾರ ರಿಂಗಿನ ಕೆಳಗೆ ನಿಲ್ಲುತ್ತಾನೆ. ಬಲಗಡೆಯಿಂದ ಎಡಗಾಲು ಊರಿ ಮೇಲೆದ್ದು ಬಲಗೈಯಿಂದ ಚೆಂಡನ್ನು ರಿಂಗಿನ ಹಿಂದಿನ ಹಲಗೆಗೆ, ಅಂದರೆ ಬ್ಯಾಕ್‌ಬೋರ್ಡಿಗೆ, ತಾಕಿಸಿ ರಿಂಗಿಗೆ ಹಾಕುತ್ತಾನೆ. ಬಲೆಯಿಂದ ಜಾರಿದ ಚೆಂಡು ನೆಲ ಮುಟ್ಟುವ ಮುಂಚೆ ಎರಡೂ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಎಡಕ್ಕೆ ಸರಿದು, ಬಲಗಾಲು ಊರಿ ಎಡಗೈಯಿಂದ ಹಾಕುತ್ತಾನೆ. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ, ಎಲ್ಲೂ ನಿಲ್ಲದೆ. ಇದರಲ್ಲಿ ಮುಖ್ಯವಾದ ಕಟ್ಟುಪಾಡೆಂದರೆ ಚೆಂಡನ್ನು ಗಲ್ಲಕ್ಕಿಂತ ಕೆಳಗೆ ಇಳಿಸಬಾರದು. ಎತ್ತರದವನು ಚೆಂಡನ್ನು ಸೊಂಟದ ಮಟ್ಟಕ್ಕೆ ತಂದ ಕ್ಷಣದಲ್ಲಿ ಅವನ ಎತ್ತರಕ್ಕೆ ಬೆಲೆಯಿಲ್ಲ. ಅದು ಕುಳ್ಳ ಆಟಗಾರರ ಕೈಗಳ ರಾಜ್ಯ.

ಇದೇ ಅಭ್ಯಾಸವನ್ನು ಶಾಲೆಯ ದಿನಗಳಲ್ಲಿ ಮಾಡುತ್ತಾ ಬೆಳೆದವರು ಕರೀಂ ಅಬ್ದುಲ್-ಜಬ್ಬಾರ್. 7 ಅಡಿ 2 ಅಂಗುಲದ ಅವರು ಕಾಲೇಜಿನಲ್ಲಿ ಆಡುತ್ತಿದ್ದಾಗ, 1967ರಲ್ಲಿ, ಅಮೆರಿಕದ ಕಾಲೇಜು ಆಟದಲ್ಲಿ ಡಂಕ್ ಮಾಡುವುದನ್ನೇ ನಿಷೇಧಿಸಲಾಯಿತು. ನಿಷೇಧ 1976ರವರೆಗೆ ಇತ್ತು. ಚೆಂಡನ್ನು ರಿಂಗಿನೊಳಕ್ಕೆ ತುರುಕುವ ಸುಲಭದ ದಾರಿ ಮುಚ್ಚಿದಾಗ ಅವರು ತಮ್ಮ ಕೊಕ್ಕೆ ಎಸೆತವನ್ನು, ಸ್ಕೈಹುಕ್ ಎಂದು ಹೆಸರಾದ ಆ ಎಸೆತವನ್ನು, ಪೂರ್ಣಗೊಳಿಸಿಕೊಂಡರು. ಎದುರಾಳಿಗೆ ಎದೆ ಕೊಡದೆ ಭುಜ ಕೊಟ್ಟು ಪಕ್ಕಕ್ಕೆ ನಿಲ್ಲಬೇಕು. ಆಗ ಎದುರಾಳಿಯ ಕೈಗೂ ಚೆಂಡಿಗೂ ನಡುವೆ ಒಂದಿಡೀ ದೇಹದ ಅಗಲ ಅಡ್ಡ ಬರುತ್ತದೆ. ಆಮೇಲೆ ಒಂದು ಕಾಲಿನ ಮೇಲೆ ಮೇಲೆದ್ದು, ದೂರದ ತೋಳನ್ನು ಪೂರ್ತಿ ನೀಡಿ, ತಲೆಯ ಮೇಲಿನಿಂದ ಕಮಾನಿನಂತೆ ತಂದು, ಕೊನೆಯಲ್ಲಿ ಮಣಿಕಟ್ಟನ್ನು ಮಾತ್ರ ಬಾಗಿಸಿ ಚೆಂಡನ್ನು ಬಿಡಬೇಕು. ಹಳೆಯ ದೃಶ್ಯಗಳಲ್ಲಿ ಆ ಎಸೆತವನ್ನು ನಿಧಾನವಾಗಿ ನೋಡಿದರೆ, ಎದುರಾಳಿ ಎಷ್ಟೇ ಜಿಗಿದರೂ ಅವನ ಬೆರಳುಗಳು ಚೆಂಡಿಗಲ್ಲ, ಖಾಲಿ ಗಾಳಿಗೆ ಕೈಚಾಚಿದಂತೆ ಕಾಣುತ್ತವೆ. ಅವರ ವೃತ್ತಿಜೀವನದ ಒಟ್ಟು 38,387 ಅಂಕಗಳ ದಾಖಲೆಯನ್ನು ಮುರಿಯಲು 2023ರ ಫೆಬ್ರುವರಿಯವರೆಗೆ ಕಾಯಬೇಕಾಯಿತು.

ಇನ್ನು ಇಂಥ ದೇಹಗಳು ಹೇಗೆ ಉಂಟಾಗುತ್ತವೆ ಎಂಬ ಪ್ರಶ್ನೆ. ಉದ್ದ ಮೂಳೆಗಳ ತುದಿಗಳಲ್ಲಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ. ಬಾಲ್ಯ ಮತ್ತು ಹರೆಯದಲ್ಲಿ ಮೂಳೆ ಉದ್ದವಾಗುವುದು ಅಲ್ಲೇ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಬೆಳವಣಿಗೆಯ ಹಾರ್ಮೋನು ಈ ಪದರವನ್ನು ಕೆಲಸಕ್ಕೆ ಹಚ್ಚುತ್ತದೆ. ಹರೆಯದ ಕೊನೆಗೆ, ಮುಖ್ಯವಾಗಿ ಈಸ್ಟ್ರೋಜೆನ್ ಹಾರ್ಮೋನಿನ ಪ್ರಭಾವದಿಂದ, ಗಂಡಸರಲ್ಲೂ ಹೆಂಗಸರಲ್ಲೂ ಆ ಪದರ ಗಟ್ಟಿ ಮೂಳೆಯಾಗಿ ಬೆಳವಣಿಗೆ ನಿಲ್ಲುತ್ತದೆ. ಅಸಾಧಾರಣ ಎತ್ತರಕ್ಕೆ ಇಲ್ಲಿಂದ ಎರಡು ದಾರಿಗಳಿವೆ, ಮತ್ತು ಅವೆರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮೊದಲನೆಯದು ಅನುವಂಶೀಯತೆ. ಎತ್ತರವನ್ನು ನಿರ್ಧರಿಸುವ ಒಂದೇ ವಂಶವಾಹಿ ಇಲ್ಲ. 2022ರಲ್ಲಿ ಸುಮಾರು 54 ಲಕ್ಷ ಜನರ ವಂಶವಾಹಿ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು ಎತ್ತರದೊಂದಿಗೆ ನಂಟಿರುವ 12 ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳನ್ನು ಗುರುತಿಸಿತು. ಪ್ರತಿಯೊಂದೂ ಕೂದಲೆಳೆಯಷ್ಟು ಏರಿಸುತ್ತದೆ ಅಥವಾ ಇಳಿಸುತ್ತದೆ. ಬಹುಪಾಲು ಜನರಲ್ಲಿ ಏರಿಸುವವು ಮತ್ತು ಇಳಿಸುವವು ಒಂದನ್ನೊಂದು ಸರಿದೂಗಿಸುವುದರಿಂದ ಅವರು ಸರಾಸರಿಯ ಹತ್ತಿರ ಉಳಿಯುತ್ತಾರೆ. ಎಲ್ಲೋ ಒಬ್ಬರಲ್ಲಿ ಏರಿಸುವವುಗಳೇ ಭಾರಿ ಸಂಖ್ಯೆಯಲ್ಲಿ ಬಂದು ಸೇರುತ್ತವೆ. 7 ಅಡಿ 6 ಅಂಗುಲದ ಶಾನ್ ಬ್ರಾಡ್ಲಿ ಅವರ ಡಿಎನ್‌ಎ ಪರೀಕ್ಷಿಸಿದ ಸಂಶೋಧಕರು ಕಂಡದ್ದು ಇದನ್ನೇ. ಅದೇ ಎತ್ತರದ ಯಾವೊ ಮಿಂಗ್ ಅವರ ತಂದೆತಾಯಿ ಇಬ್ಬರೂ ಚೀನಾದ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿದ್ದರು.

ಎರಡನೆಯ ದಾರಿ ಕಾಯಿಲೆಯದು. ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆಯುವ ಗೆಡ್ಡೆಯೊಂದು ಹಾರ್ಮೋನನ್ನು ಮಿತಿಮೀರಿ ಸುರಿಸಿದಾಗ, ಮೂಳೆಯ ತುದಿಗಳು ಇನ್ನೂ ಮುಚ್ಚಿರದಿದ್ದರೆ ದೇಹ ಬೆಳೆಯುತ್ತಲೇ ಹೋಗುತ್ತದೆ. 7 ಅಡಿ 7 ಅಂಗುಲದ ರುಮೇನಿಯಾದ ಗೆಯೋರ್ಗೆ ಮುರೆಶಾನ್ ಅವರ ತಂದೆತಾಯಿ ಸಾಮಾನ್ಯ ಎತ್ತರದವರು. ಅವರ ಎತ್ತರ ಬಂದದ್ದು ಈ ಗ್ರಂಥಿಯ ತೊಂದರೆಯಿಂದ. 7 ಅಡಿ 9 ಅಂಗುಲದ ಚೀನಾದ ಸನ್ ಮಿಂಗ್‌ಮಿಂಗ್ ಅವರಿಗೂ ಇಂಥದೇ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾಯಿತು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಈ ಹಾರ್ಮೋನು ಮೂಳೆಯನ್ನಷ್ಟೇ ಅಲ್ಲ, ಹೃದಯವನ್ನೂ ಕೀಲುಗಳನ್ನೂ ಹಿಗ್ಗಿಸಿ ಕೆಡಿಸುತ್ತದೆ. ಮುರೆಶಾನ್ ಚಿಕಿತ್ಸೆ ಪಡೆದು 1996ರಲ್ಲಿ ಎನ್‌ಬಿಎಯ ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿಗೆ ಪಾತ್ರರಾದರು. ಆ ಪ್ರಶಸ್ತಿಯ ಹಿಂದೆ ವೈದ್ಯರೂ ಇದ್ದಾರೆಂದು ನೆನೆಯುವುದು ನ್ಯಾಯ.

ಇವೆರಡಕ್ಕಿಂತ ಬೇರೆಯಾದ, ಕಣ್ಣಿಗೆ ಬೀಳದ ಇನ್ನೊಂದು ಸ್ಥಿತಿಯಿದೆ. ಮಾರ್ಫನ್ ಸಿಂಡ್ರೋಮ್ ಇರುವವರಲ್ಲಿ ದೇಹದ ಅಂಗಾಂಶಗಳನ್ನು ಬಿಗಿಯಾಗಿಡುವ ಎಳೆಗಳಲ್ಲಿ ಹುಟ್ಟಿನಿಂದಲೇ ದೋಷವಿರುತ್ತದೆ. ಅವರು ಎತ್ತರವಾಗಿ, ತೆಳ್ಳಗೆ, ಉದ್ದ ಕೈಬೆರಳುಗಳೊಂದಿಗೆ ಬೆಳೆಯುತ್ತಾರೆ, ಅಂದರೆ ತರಬೇತುದಾರರು ಹುಡುಕುವ ಮೈಕಟ್ಟೇ ಅದು. ಆದರೆ ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಯೂ ಅದೇ ದುರ್ಬಲ ಎಳೆಗಳಿಂದಾಗಿದ್ದು, ಬಿರುಸಿನ ಆಟದ ರಕ್ತದೊತ್ತಡಕ್ಕೆ ಅದು ಸೀಳಬಹುದು. 7 ಅಡಿ 1 ಅಂಗುಲದ ಐಸೇಯ ಆಸ್ಟಿನ್ ಅವರಲ್ಲಿ, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2014ರ ಎನ್‌ಬಿಎ ಆಯ್ಕೆಗೆ ಕೆಲವೇ ದಿನಗಳ ಮುಂಚೆ ನಡೆದ ತಪಾಸಣೆಯಲ್ಲಿ ಇದು ಪತ್ತೆಯಾಯಿತು. ಯಾವ ತಂಡವೂ ಅವರನ್ನು ಆರಿಸಿಕೊಳ್ಳುವಂತಿರಲಿಲ್ಲ. ಲೀಗ್‌ನ ಆಯುಕ್ತರು ಆ ರಾತ್ರಿ ಅವರನ್ನು ವೇದಿಕೆಗೆ ಕರೆದು ಗೌರವಾರ್ಥವಾಗಿ ಆಯ್ಕೆ ಘೋಷಿಸಿದರು. ಎತ್ತರದ ಮಕ್ಕಳನ್ನು ಅಂಕಣಕ್ಕಿಳಿಸುವ ಮುಂಚೆ ಹೃದಯದ ತಪಾಸಣೆ ಮಾಡಿಸಬೇಕೆಂದು ನಾನು ಇಲ್ಲಿ ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಈಗ ಪಾದದ ಕಡೆಗೆ ಬರೋಣ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ವಿವರಿಸಿದ ತತ್ವವೊಂದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಒಂದು ಆಕಾರವನ್ನು ಎಲ್ಲ ದಿಕ್ಕುಗಳಲ್ಲೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಉದ್ದದ ವರ್ಗದಂತೆಯೂ ತೂಕ ಉದ್ದದ ಘನದಂತೆಯೂ ಏರುತ್ತದೆ. 1.80 ಮೀಟರ್ ಎತ್ತರದ, 80 ಕೆ.ಜಿ. ತೂಕದ ಒಬ್ಬನನ್ನು ಅದೇ ಮೈಕಟ್ಟಿನಲ್ಲಿ 2.25 ಮೀಟರ್‌ಗೆ ಹಿಗ್ಗಿಸಿದೆವೆಂದುಕೊಳ್ಳಿ. ಎತ್ತರ ಏರಿದ್ದು ಕಾಲುಪಾಲು ಮಾತ್ರ. ಮೂಳೆಯ ದಪ್ಪ, ಅಂದರೆ ಭಾರ ಹೊರುವ ವಿಸ್ತೀರ್ಣ, ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ತೂಕವೋ ಹತ್ತಿರ ಹತ್ತಿರ ಎರಡು ಪಟ್ಟಾಗಿ 156 ಕೆ.ಜಿ. ತಲುಪುತ್ತದೆ. ಹೊರುವ ಕಂಬ ಒಂದೂವರೆ ಪಟ್ಟು, ಹೊರೆ ಎರಡು ಪಟ್ಟು. ಮೂಳೆಯ ಪ್ರತಿ ಚದರ ಸೆಂಟಿಮೀಟರ್ ಮೇಲೂ ಕಾಲುಪಾಲು ಹೆಚ್ಚು ಒತ್ತಡ, ಅದೂ ನಿಂತಿರುವಾಗ. ಜಿಗಿದು ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಬಲ ಆ ಪಾದದ ಮೇಲೆ ಬೀಳುತ್ತದೆ.

ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ಒಂದು ದಾರಿ ತೆಳ್ಳಗಿರುವುದು. ಬೋಲ್ ಅವರ ತೂಕ 90 ಕೆ.ಜಿ. ಆಸುಪಾಸಿನಲ್ಲಿತ್ತು, ಅವರಿಗಿಂತ ಒಂದಂಗುಲ ಕಡಿಮೆ ಎತ್ತರದ ಯಾವೊ ಮಿಂಗ್ ಸುಮಾರು 140 ಕೆ.ಜಿ. ತೂಗುತ್ತಿದ್ದರು. ತೆಳ್ಳಗಿದ್ದವರನ್ನು ಎದುರಾಳಿಗಳು ರಿಂಗಿನ ಬಳಿಯಿಂದ ಸುಲಭವಾಗಿ ದೂಡುತ್ತಾರೆ, ಹಾಗಾಗಿ ಅವರ ಆಟ ಕಿರಿದಾಗುತ್ತದೆ. ಬೋಲ್ 1985-86ರ ತಮ್ಮ ಮೊದಲ ಋತುವಿನಲ್ಲೇ 397 ಬ್ಲಾಕ್ ಮಾಡಿದರು, ಆದರೆ ಇಡೀ ವೃತ್ತಿಜೀವನದಲ್ಲಿ ಅವರು ಗಳಿಸಿದ ಅಂಕಗಳು 1,599, ಮಾಡಿದ ಬ್ಲಾಕ್‌ಗಳು 2,086. ಅಂಕಗಳಿಗಿಂತ ಬ್ಲಾಕ್‌ಗಳೇ ಹೆಚ್ಚಿರುವುದು ಅವರ ವಿಶಿಷ್ಟ ದಾಖಲೆ. ತೂಕವಿದ್ದವರು ಎಲ್ಲ ಬಗೆಯ ಆಟವನ್ನೂ ಆಡಬಲ್ಲರು, ಆದರೆ ಅವರ ಪಾದಗಳು ಹೆಚ್ಚು ಕಾಲ ಬಾಳುವುದಿಲ್ಲ.

ಯಾವೊ ಮಿಂಗ್ ಅವರ ಎಡಪಾದದ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಪಾದದ ಒಳಬದಿಯಲ್ಲಿ, ಕಮಾನಿನ ನೆತ್ತಿಯಲ್ಲಿ, ದೋಣಿಯಾಕಾರದ ಒಂದು ಪುಟ್ಟ ಮೂಳೆಯಿದೆ. ಅದನ್ನು ನ್ಯಾವಿಕ್ಯುಲರ್ ಎನ್ನುತ್ತಾರೆ. ಕಲ್ಲಿನ ಕಮಾನಿನಲ್ಲಿ ನಡುಗಲ್ಲು ಎರಡೂ ಬದಿಯ ಒತ್ತಡವನ್ನು ತಡೆದು ನಿಲ್ಲುವಂತೆ, ಓಡುವಾಗಲೂ ಜಿಗಿಯುವಾಗಲೂ ಪಾದದ ಹಿಂಭಾಗ ಮತ್ತು ಮುಂಭಾಗಗಳ ನಡುವೆ ಈ ಮೂಳೆ ಹಿಂಡಿಸಿಕೊಳ್ಳುತ್ತದೆ. ಅದರ ನಡುಭಾಗಕ್ಕೆ ರಕ್ತಪೂರೈಕೆ ತೀರಾ ಕಡಿಮೆ. ಹಾಗಾಗಿ ಅಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ ತಾನಾಗಿ ಕೂಡುವುದು ಕಷ್ಟ. 2008ರ ಫೆಬ್ರುವರಿಯಲ್ಲಿ ಯಾವೊ ಅವರ ಎಡಪಾದದ ಇದೇ ಮೂಳೆಯಲ್ಲಿ ಒತ್ತಡದ ಬಿರುಕು ಕಂಡಿತು. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳೊಳಗೆ ಅವರು ಆಗಸ್ಟ್‌ನ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶಕ್ಕಾಗಿ ಆಡಿದರು. 2009ರ ಮೇ ತಿಂಗಳಲ್ಲಿ ಎಡಪಾದ ಮತ್ತೆ ಮುರಿಯಿತು, 2009-10ರ ಇಡೀ ಋತು ಹೋಯಿತು, ಮರುವರ್ಷ ಐದೇ ಪಂದ್ಯ ಆಡಿದರು, 2011ರ ಜುಲೈಯಲ್ಲಿ, 30ರ ಹರೆಯದಲ್ಲಿ, ನಿವೃತ್ತಿ ಘೋಷಿಸಿದರು. ಯಾರೂ ಅಡ್ಡ ಬರದಂತೆ ಎಸೆಯುವ ಫ್ರೀ ಥ್ರೋಗಳಲ್ಲಿ ನೂರಕ್ಕೆ 83ನ್ನು ರಿಂಗಿಗೆ ಹಾಕುತ್ತಿದ್ದ, ಎತ್ತರಕ್ಕೂ ಮೃದುವಾದ ಕೈಗೂ ವೈರವಿಲ್ಲವೆಂದು ತೋರಿಸಿದ ಆಟಗಾರನೊಬ್ಬ ಒಂದು ಪುಟ್ಟ ಮೂಳೆಯಿಂದ ಆಟ ಬಿಡಬೇಕಾಯಿತು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಅವರು ಒಬ್ಬರೇ ಅಲ್ಲ. 7 ಅಡಿ 3 ಅಂಗುಲದ ಲಿಥುವೇನಿಯಾದ ಜೈಡ್ರೂನಾಸ್ ಇಲ್ಗೌಸ್ಕಾಸ್, ಹಿಂದಿನ ತಲೆಮಾರಿನ ಬಿಲ್ ವಾಲ್ಟನ್, ಈಚಿನ ಜೋಯೆಲ್ ಎಂಬೀಡ್, ಎಲ್ಲರೂ ಪಾದದ ಮೂಳೆಗಳಿಗಾಗಿ ಋತುಗಟ್ಟಲೆ ಹೊರಗುಳಿದವರು.

ಮಹಿಳೆಯರ ಆಟದಲ್ಲಿ ಎತ್ತರದ ಅಂತರ ಇನ್ನೂ ಎದ್ದು ಕಾಣುತ್ತದೆ. ಲಾಟ್ವಿಯಾದ ಉಲ್ಯಾನಾ ಸೆಮ್ಯೊನೊವಾ 2.13 ಮೀಟರ್ ಎತ್ತರದವರು. ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಮೊದಲ ಬಾರಿ ಬಂದ 1976ರಲ್ಲೂ, ಮುಂದೆ 1980ರಲ್ಲೂ ಸೋವಿಯತ್ ತಂಡಕ್ಕೆ ಚಿನ್ನ ತಂದರು. ಪೋಲೆಂಡಿನ 7 ಅಡಿ 2 ಅಂಗುಲದ ಮಾರ್ಗೋ ಡಿಡೆಕ್ ಅಮೆರಿಕದ ಮಹಿಳಾ ಲೀಗ್‌ನಲ್ಲಿ 877 ಬ್ಲಾಕ್ ಮಾಡಿದರು.

ಎದುರಾಳಿಗಳು ಎತ್ತರವನ್ನು ಮಣಿಸುವ ಬಗೆ ಮಾತ್ರ ಈಚಿನ ದಶಕಗಳಲ್ಲಿ ಬದಲಾಗಿದೆ. ಆಚೆಯಿಂದ ಎಸೆದು ರಿಂಗಿಗೆ ಹಾಕಿದರೆ ಎರಡರ ಬದಲು ಮೂರು ಅಂಕ ಸಿಗುವ, 1979ರಲ್ಲಿ ಎನ್‌ಬಿಎಗೆ ಬಂದ ಮೂರು ಅಂಕಗಳ ಗೆರೆ ರಿಂಗಿನಿಂದ ಹೆಚ್ಚೆಂದರೆ 7.24 ಮೀಟರ್ ದೂರದಲ್ಲಿದೆ. ಅಲ್ಲಿಂದ ಎಸೆಯುವವರು ಹೆಚ್ಚಿದಂತೆ, ರಿಂಗಿನ ಮುಂದೆ ನಿಂತು ಕಾಯುವವನು ಹೊರಗೆ ಬರಲೇಬೇಕಾಯಿತು. ಹೊರಗೆ ಬಂದ ಮೇಲೆ ಚೆಂಡನ್ನು ಮುನ್ನಡೆಸುವ ಚುರುಕಾದ ಕುಳ್ಳ ಆಟಗಾರನ, ಅಂದರೆ ಗಾರ್ಡ್‌ನ, ಎದುರು ಅಡ್ಡಡ್ಡ ಸರಿಯಬೇಕು. ಉದ್ದ ಕಾಲನ್ನು ದಿಕ್ಕು ಬದಲಿಸಿ ತಿರುಗಿಸಲು ಗಿಡ್ಡ ಕಾಲಿಗಿಂತ ಹೆಚ್ಚು ಬಲ, ಹೆಚ್ಚು ಸಮಯ ಬೇಕು. ಜೊತೆಗೆ 2001ರಿಂದ ಎನ್‌ಬಿಎಯಲ್ಲಿ ರಕ್ಷಿಸುವವನೂ, ಎದುರಾಳಿ ಯಾರನ್ನೂ ಹತ್ತಿರ ನಿಂತು ತಡೆಯದೆ, ಪಟ್ಟಿಯೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಈಟನ್ ಅವರಿಗೆ ಚೇಂಬರ್ಲಿನ್ ಹೇಳಿದ ಮಾತಿನ ಅರ್ಧದಷ್ಟು ಇಂದು ನಿಯಮಬಾಹಿರ.

ಈ ಹೊಸ ಆಟಕ್ಕೆ ತಕ್ಕಂತೆ ಬೆಳೆದವರು ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮ. 7 ಅಡಿ 4 ಅಂಗುಲದ ಅವರ ತಾಯಿ ಬ್ಯಾಸ್ಕೆಟ್‌ಬಾಲ್ ತರಬೇತುದಾರರು, ತಂದೆ ಜಿಗಿತದ ಕ್ರೀಡಾಪಟು. 2023ರ ಆಯ್ಕೆಯಲ್ಲಿ ಮೊದಲಿಗರಾಗಿ ಸ್ಯಾನ್ ಆಂಟೋನಿಯೊ ತಂಡ ಸೇರಿದ ಅವರು ಮೊದಲ ಋತುವಿನಲ್ಲೇ 254 ಬ್ಲಾಕ್‌ಗಳೊಂದಿಗೆ ಲೀಗ್‌ನಲ್ಲಿ ಮುಂದಿದ್ದರು. ಅದೇ ಋತುವಿನಲ್ಲಿ ಗಾರ್ಡ್‌ಗಳಂತೆ ಚೆಂಡನ್ನು ಪುಟಿಸುತ್ತಾ ಡ್ರಿಬಲ್ ಮಾಡಿದರು, ಮೂರು ಅಂಕಗಳ ಗೆರೆಯ ಆಚೆಯಿಂದ ಎಸೆದರು. ಅವರ ತರಬೇತಿಯ ದೃಶ್ಯಗಳಲ್ಲಿ ನನ್ನ ಗಮನ ಸೆಳೆದದ್ದು ಮಾತ್ರ ಎಸೆತವೂ ಅಲ್ಲ, ಬ್ಲಾಕೂ ಅಲ್ಲ. ಶೂ ಬಿಚ್ಚಿಟ್ಟು, ಬರಿಗಾಲಿನಲ್ಲಿ, ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತಿ, ಮಡಿಸಿ, ಚಾಚಿ ಅವುಗಳ ಬಲ ಹೆಚ್ಚಿಸಿಕೊಳ್ಳುವ ವ್ಯಾಯಾಮವದು. ಯಾವೊ ಅವರ ಪಾದದಲ್ಲಿ ಬಿರುಕು ಬಿಟ್ಟ ಕಮಾನನ್ನು ಕೆಳಗಿನಿಂದ ಬಿಗಿದು ಹಿಡಿಯುವ ಸಣ್ಣ ಸ್ನಾಯುಗಳಿಗೆ ಅದರಿಂದ ಕೆಲಸ ಸಿಗುತ್ತದೆ.